ಗೈಡ್ ತೋರಿಸಿದ ಸಮಾಧಿ

ಯುದ್ಧಸ್ಮಶಾನದ ಗೈಡ್‌ನ ಮನಸ್ಸು ತುಸು ಮೆದು. ಯುದ್ಧದಲ್ಲಿ ಕಾಣೆಯಾದ ಮಗನನ್ನು ಹುಡುಕಿಕೊಂಡು ಬಂದ ವೃದ್ಧೆಯೊಬ್ಬರ ಅಳು ನೋಡಲಾರದೆ, ಹೆಸರಿಲ್ಲದ ಸಮಾಧಿಯೊಂದನ್ನು ತೋರಿಸಿ, "ಇದೇ ನಿಮ್ಮ ಮಗಂದು, ಅಮ್ಮ" ಎಂದುಬಿಟ್ಟ. ಆಮೇಲೆ ಆಕೆ ಪ್ರತಿ ವರ್ಷ ಬಂದು, ಸೆರಗಿನಿಂದ ಕಲ್ಲು ಒರೆಸಿ, ಮನೆಯ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿದ್ದರು.

ಒಂಬತ್ತನೆಯ ವರ್ಷ ಒಂದು ಪೆಟ್ಟಿಗೆ, ಸಮಾಧಿ ಅಗೆದು ಮೂಳೆ ಒಯ್ಯಲು ಅನುಮತಿ ಕೇಳುವ ಒಂದು ಅರ್ಜಿ ಹಿಡಿದು ಬಂದರು.

"ಇವನೇ ನನ್ನ ಮಗ ಅಂತ ನೀನೊಂದು ಸಹಿ ಹಾಕ್ಬೇಕಂತಪ್ಪ. ಕರ್ಕೊಂಡು ಹೋಗಿ ಅವರಪ್ಪನ ಪಕ್ಕ ಮಲಗಿಸ್ತೀನಿ."

ಗೈಡ್ ಅರ್ಜಿಯನ್ನು ಹಿಂದಕ್ಕೆ ಕೊಟ್ಟ. "ಇವನು ಯಾರೋ ನಂಗೊತ್ತಿಲ್ಲಮ್ಮ. ನಿಮ್ಮ ಅಳು ನೋಡಲಾಗದೆ ಸುಳ್ಳು ಹೇಳಿದೆ."

ಆಕೆ ಬೈಯಲಿಲ್ಲ. "ಇಷ್ಟು ವರ್ಷ ಯಾರ ಮಗನ ಹತ್ರ ಮಾತಾಡಿದೆನೋ" ಎಂದು ಖಾಲಿ ಪೆಟ್ಟಿಗೆ ಎತ್ತಿಕೊಂಡು ಬಸ್ಸಿನತ್ತ ನಡೆದರು. ಮತ್ತೆ ಬರಲಿಲ್ಲ.

ಈಗ ಯಾರು ಎಷ್ಟೇ ಅತ್ತರೂ ಗೈಡ್ ತಲೆತಗ್ಗಿಸಿ "ಗೊತ್ತಿಲ್ಲ" ಎನ್ನುತ್ತಾನೆ.