ಬೂಟು ಬಿಚ್ಚಿಸುವ ಊದಕ್ಕ

ಶಾಲೆಯ ಮೊದಲ ಗಂಟೆಗೆ ಇನ್ನೂ ಎರಡು ತಾಸಿದೆ. ಬೆಳಕು ಆಗಷ್ಟೇ ಕಿಟಕಿಯ ಸರಳು ದಾಟುತ್ತಿದೆ. ಚಿತ್ರಕಲೆಯ ಕೋಣೆಯಲ್ಲಿ ಒಬ್ಬಾಕೆ, ಸೈಕಲ್ ಪಂಪಿನ ಅಣ್ಣನಂತಿರುವ ದೊಡ್ಡ ಸಿರಿಂಜಿನಿಂದ, ಉಸಿರು ಅಳೆಯುವ ಪುಟ್ಟ ಯಂತ್ರಕ್ಕೆ ಗಾಳಿ ತಳ್ಳುತ್ತಿದ್ದಾರೆ. ಮೂರು ಲೀಟರ್ ಕೊಟ್ಟರೆ ಅದು ಮೂರು ಎಂದೇ ಹೇಳಬೇಕು. “ಬೆಳಗ್ಗೆ ಎದ್ದು ಮೊದಲು, ಸುಳ್ಳು ಹೇಳಲ್ಲ ಅಂತ ಇದರ ಹತ್ರ ಆಣೆ ಮಾಡಿಸ್ಕೋಬೇಕು,” ಎಂದು ನಗುತ್ತಾರೆ.

ಮಕ್ಕಳ ಆಸ್ಪತ್ರೆಯಲ್ಲಿ ಉಸಿರು ಅಳೆಯುವ ಇವರು ಮಕ್ಕಳ ಬಾಯಲ್ಲಿ ಊದಕ್ಕ. ಮೊದಲು ಹೊರರೋಗಿಗಳ ಚೀಟಿ ಬರೆಯುತ್ತಿದ್ದರು. ಯಂತ್ರ ಕಂಡು ಅಳುವ ಮಗುವನ್ನು ಸುಮ್ಮನಾಗಿಸಲು ಒಮ್ಮೆ ಕರೆಸಿಕೊಂಡರು. ಹನ್ನೊಂದು ವರ್ಷವಾಯಿತು, ವಾಪಸು ಕಳಿಸಿಲ್ಲ. ದಿನಕ್ಕೆ ಇಪ್ಪತ್ತೈದು ಮಕ್ಕಳು, ಒಬ್ಬೊಬ್ಬರಿಗೂ ಕನಿಷ್ಠ ಮೂರು ಊದು. ಸಂಜೆಗೆ ಇವರ ಗಂಟಲೇ ಕಟ್ಟಿರುತ್ತದೆ. “ಮನೇಲಿ ಯಜಮಾನರು ಚಹಾ ಬಿಸಿ ಅಂದ್ರೆ, ‘ಊದಿ, ಊದಿ, ನಿಲ್ಲಿಸ್ಬೇಡಿ’ ಅಂತ ಬಾಯಿಗೆ ಬಂದ್ಬಿಡುತ್ತೆ.”

ಆರೋಗ್ಯವಂತ ಮಕ್ಕಳ ಉಸಿರಿನ ಕೋಷ್ಟಕ ಮಾಡಲು ಆಸ್ಪತ್ರೆಯ ಡಾಕ್ಟರುಗಳು ಇವರನ್ನು ಈ ಶಾಲೆಗೆ ಕಳಿಸಿದ್ದಾರೆ. ಚೆನ್ನಾಗಿರುವ ಮಕ್ಕಳನ್ನೇಕೆ ಅಳೆಯಬೇಕು ಎಂದು ಮುಖ್ಯೋಪಾಧ್ಯಾಯರೂ ಕೇಳಿದ್ದರು. “ಬಟ್ಟು ಸರಿ ಇಲ್ದೆ ತಕ್ಕಡಿ ಏನು ತೂಗುತ್ತೆ, ಸಾರ್? ಕೆಮ್ಮೋ ಮಗು ಉಸಿರು ಕಡಿಮೆ ಅನ್ನೋಕೆ, ಕೆಮ್ಮದೇ ಇರೋದು ಎಷ್ಟು ಊದುತ್ತೆ ಗೊತ್ತಿರ್ಬೇಕಲ್ಲ.”

ಆದರೆ ಇವತ್ತು ಯಂತ್ರಕ್ಕಿಂತ ಗೋಡೆಗೆ ಆನಿಸಿದ ಎತ್ತರದ ಪಟ್ಟಿಯೇ ಮುಖ್ಯ. ಕಳೆದ ವಾರ ನೆಲ ಒರೆಸಿ ತಣ್ಣಗಿತ್ತೆಂದು, ಒಂದು ತರಗತಿಯ ನಲವತ್ತೆರಡು ಮಕ್ಕಳನ್ನು ಬೂಟಿನಲ್ಲೇ ನಿಲ್ಲಿಸಿ ಅಳೆದುಬಿಟ್ಟಿದ್ದರು. ಎತ್ತರ ಹೆಚ್ಚಾದರೆ ಊದಬೇಕಾದ ಗಾಳಿಯ ಲೆಕ್ಕವೂ ಹೆಚ್ಚು. ಕಾಗದದಲ್ಲಿ ಇಡೀ ತರಗತಿಯೇ ಬಡ ಉಸಿರಿನದಾಯಿತು. ತಪ್ಪು ಮಾಡಿದವರೂ ಇವರೇ, ಹಿಡಿದವರೂ ಇವರೇ, ಡಾಕ್ಟರಿಗೆ ಹೋಗಿ ಹೇಳಿದವರೂ ಇವರೇ. ಬೂಟಿನ ದಪ್ಪ ಕಳೆದರಾಯಿತಲ್ಲ? “ಒಂದೊಂದು ಹಿಮ್ಮಡಿ ಒಂದೊಂದು ಥರ. ಅಂದಾಜು ಬರೆಯೋಕೆ ನಾನ್ಯಾಕೆ ಬೇಕು?” ನಾಳೆಯಿಂದ ರಜೆ. ಇವತ್ತು ಅಳೆಯದಿದ್ದರೆ ಅಷ್ಟೂ ಮಕ್ಕಳ ಉಸಿರು ಕಸದ ಬುಟ್ಟಿಗೆ.

ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಜೊತೆ ಬೂಟುಗಳು ಬಾಗಿಲಲ್ಲಿ ಕಾಲಿನಿಂದಿಳಿದು, ಮತ್ತೆ ಕಾಲಿಗೇರಿವೆ. ಒಬ್ಬಳು ಮಾತ್ರ ಇಲ್ಲ. ಒಬ್ಬರಿಗೆ ಎಂಟಕ್ಕಿಂತ ಹೆಚ್ಚು ಸಲ ಊದಿಸುವಂತಿಲ್ಲ. ಈ ನಾಚಿಕೆಯ ಹುಡುಗಿ ಕಳೆದ ವಾರ ಎಂಟನೆಯದರಲ್ಲಿ ಸರಿಯಾಗಿ ಊದಿ ಗೆದ್ದವಳು. ಊದಕ್ಕ ಪಟ್ಟಿ ಮಡಚುತ್ತಾರೆ, ಬಾಗಿಲು ನೋಡುತ್ತಾರೆ, ಮತ್ತೆ ಬಿಡಿಸುತ್ತಾರೆ.

ಕೊನೆಯ ಗಂಟೆ ಹೊಡೆಯುವಾಗ, ಊರಿಗೆ ಹೊರಟ ಚೀಲದ ಸಮೇತ ಅಜ್ಜನ ಕೈ ಹಿಡಿದು ಬರುತ್ತಾಳೆ. “ಬಸ್ಸು ಹೋದ್ರೂ ಪರವಾಗಿಲ್ಲ, ಊದಕ್ಕನ ಹತ್ರ ಹೋಗ್ಲೇಬೇಕು ಅಂತ ಇವಳ ಹಟ, ತಾಯಿ. ಬಂದಿದ್ದೀನಿ, ನನಗೂ ಒಂದ್ಸಲ ಊದಿಸಿ.”

“ನೀವು ಶಾಲೆಗೆ ಸೇರ್ಕೊಂಡು ಬನ್ನಿ ಅಜ್ಜ, ನೋಡೋಣ.”

ಹುಡುಗಿ ಬೂಟು ಬಿಚ್ಚುತ್ತಾಳೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತದೆ. ನೂರಿಪ್ಪತ್ತೆಂಟೂವರೆ ಸೆಂಟಿಮೀಟರ್.

ಡಾಕ್ಟರುಗಳ ಕೋಷ್ಟಕದಲ್ಲಿ ಊದಕ್ಕನ ಹೆಸರಿರುವುದಿಲ್ಲ. ಬೇಸರವೇ? ಪೆನ್ನಿನ ಮುಚ್ಚಳ ಹಾಕುತ್ತಾ ಹೇಳುತ್ತಾರೆ: “ಮುಂದೆ ಯಾವುದೋ ತಾಯಿಗೆ ಯಾವುದೋ ಡಾಕ್ಟರು, ‘ಮಗು ಚೆನ್ನಾಗಿದೆ, ಕರ್ಕೊಂಡು ಹೋಗಮ್ಮ’ ಅಂತಾರಲ್ಲ, ಆ ಮಾತು ಸುಳ್ಳಾಗ್ಬಾರ್ದು. ನನಗೆ ಅಷ್ಟು ಸಾಕು.”