ಮೊದಲ ತುತ್ತು

ಕಾದ ಕಾವಲಿಗೆ ನೀರು ಬಿದ್ದು ಚುಂಯ್ ಎಂದರೆ ಸಾಕು, ಹಲಸೂರಿನ ಬೀದಿಯಲ್ಲಿ ಕೃಷ್ಣಸ್ವಾಮಿಯವರು ಗುಡಿಯ ಗಂಟೆ ಕೇಳಿದವರಂತೆ ನಿಂತುಬಿಡುತ್ತಾರೆ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಹೋಟೆಲುಗಳೇ ಅವರ ತೀರ್ಥಕ್ಷೇತ್ರ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಯಾವ ಓಣಿಯ ಚಟ್ನಿ ಯಾವ ಹೊತ್ತಿಗೆ ಹದಕ್ಕೆ ಬರುತ್ತದೆಂದು ಅವರನ್ನೇ ಕೇಳಬೇಕು. ಅವರು ತಲೆದೂಗಿದ ದಿನ ಸಾಂಬಾರಿಗೂ ಘಮ ಹೆಚ್ಚೆಂದು ಮಾಣಿಗಳ ನಂಬಿಕೆ. ಮೊದಲ ತುತ್ತು ಮಾತ್ರ ಜೊತೆಗೆ ಬರುವ ಸೊಸೆ ವಿಭಾಳದು. "ಹೇಗಿದೆ? ಪೂರ್ತಿ ಹೇಳಮ್ಮ," ಎಂದು ಕಣ್ಣು ಮುಚ್ಚಿ ಕೇಳುತ್ತಾರೆ, ಅವಳು ಹೇಳಿ ಮುಗಿಸಿದ ಮೇಲೆಯೇ ಅವರ ಕೈ ತಟ್ಟೆಗೆ ಹೋಗುವುದು. ಮೊನ್ನೆ ಒಂದೇ ಕಾಫಿಯನ್ನು ಬೈಟು ಮಾಡಿಸಿದರು. ಅವಳು ಫೋನಿನಲ್ಲಿದ್ದುದರಿಂದ ಮೊದಲು ತಾವೇ ಹೀರಿ, "ಆಹಾ, ಇದಪ್ಪ ಕಾಫಿ," ಎಂದು ಮಾಣಿಗೆ ಕೈ ಮುಗಿದರು. ವಿಭಾ ತನ್ನ ಅರ್ಧವನ್ನು ಬಾಯಿಗಿಟ್ಟಳು. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. "ಮಾವ, ಹೋದ ವರ್ಷದ ಜ್ವರದಿಂದ ನಿಮ್ಗೆ ರುಚಿನೇ ಗೊತ್ತಾಗ್ತಿಲ್ವಾ?" "ಮೆಲ್ಲಗೆ, ಮಾಣಿ ಕೇಳಿಸ್ಕೋತಾನೆ. ನೀನು ಹೇಳ್ತೀಯಲ್ಲ, ನಂಗೆ ಅಷ್ಟು ಸಾಕು." ವರ್ಷವಿಡೀ ತನ್ನ ಮಾತನ್ನೇ ಉಂಡ ಆ ಮುಖವನ್ನು ಅವಳು ಬೆರಗಿನಿಂದ ನೋಡಿದಳು. "ಆದ್ರೂ ಮಾವ, ಒಂದ್ಸಲ ಡಾಕ್ಟರ್‌ಗೆ..." ಎನ್ನುವಷ್ಟರಲ್ಲಿ ಅವರು ಮರ್ಫಿ ಟೌನಿನ ಬಿಸಿ ವಡೆಯ ಕಡೆಗೆ ರಸ್ತೆ ದಾಟುತ್ತಿದ್ದರು.