ಕಣ್ಣು ಮುಚ್ಚಿ ಮಾಡಿದ ಪರೀಕ್ಷೆ

ಕಣ್ಣು ಕಾಣದವರಿಗಾಗಿ ಮಾಡಿದ ಯಂತ್ರವನ್ನು, ಹುಟ್ಟಿನಿಂದ ಕಣ್ಣು ಕಾಣದ ನನ್ನ ಅಕ್ಕನ ಕೈಗೆ ನಾನು ಚುನಾವಣೆಗೆ ಮೊದಲು ಒಮ್ಮೆಯೂ ಕೊಟ್ಟು ನೋಡಲಿಲ್ಲ.

ಎರಡು ವರ್ಷದ ಹಿಂದೆ ನಾನು ಜಮಖಂಡಿಯ ಒಂದು ಸಣ್ಣ ಕಂಪನಿಯಲ್ಲಿ ಸಹಾಯಕನಾಗಿದ್ದೆ. ಓದಿದ್ದು ಏಳನೆಯ ತರಗತಿ. ಬನಹಟ್ಟಿಯ ನೇಕಾರರ ಸಂಘದ ಚುನಾವಣೆಗೆ ನಮ್ಮವರು ಟ್ಯಾಬ್ಲೆಟ್ ಸಿದ್ಧಪಡಿಸುತ್ತಿದ್ದರು. ಮತ ಹಾಕುವ ಮೊದಲು ಸದಸ್ಯರು ಅದರಲ್ಲಿ ತಮ್ಮ ಹೆಸರು ಖಚಿತಪಡಿಸಬೇಕು. ಕಾಣದವರಿಗೆ ಹೆಡ್‌ಫೋನ್‌ನಲ್ಲಿ ಹೆಸರು ಕೇಳಿಸುತ್ತದೆ; ಇಪ್ಪತ್ತು ಸೆಕೆಂಡಿನೊಳಗೆ ಗಾಜಿನ ಮೇಲೆ ‘ಹೌದು’ ಒತ್ತಬೇಕು. ಇಲ್ಲವಾದರೆ ಮತ್ತೆ ಮೊದಲಿನಿಂದ.

ಪರೀಕ್ಷೆಗೆ ಜನರನ್ನು ಕರೆತರುವುದು ನನ್ನ ಕೆಲಸ. ಕಣ್ಣು ಕಾಣದವರು ಒಬ್ಬರಾದರೂ ಬೇಕು ಎಂದು ಎಂಜಿನಿಯರ್ ಮೇಡಂ ಹೇಳಿದ್ದರು. ಅಕ್ಕನ ವಿಷಯ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಲು ನನಗೆ ನಾಚಿಕೆ. ನಾನೇ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಒತ್ತಿದೆ. ಮೊದಲ ಸಲಕ್ಕೇ ಸರಿಯಾಯಿತು. ದಿನಾ ನೋಡುವ ಪರದೆ, ಬೆರಳಿಗೆ ಜಾಗ ಗೊತ್ತಿತ್ತು. ಕಣ್ಣು ಕಾಣದವರೊಬ್ಬರು ಬಂದು ಪರೀಕ್ಷಿಸಿದರೆಂದು ಹಾಳೆಯಲ್ಲಿ ಸುಳ್ಳು ಹೆಸರೊಂದನ್ನು ಬರೆದುಕೊಟ್ಟೆ.

ಅಕ್ಕ ಮನೆಯಲ್ಲೇ ರಾಟೆ ತಿರುಗಿಸಿ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುತ್ತಾಳೆ. ಹರಿದ ನೂಲಿನ ತುದಿಯನ್ನು ಬೆರಳಲ್ಲೇ ಹುಡುಕಿ ಗಂಟು ಹಾಕುವವಳು, ಅದೇ ಸಂಘದ ಸದಸ್ಯೆ. ಅದುವರೆಗೆ ಪ್ರತಿ ಚುನಾವಣೆಯಲ್ಲೂ ಅವಳ ಕೈ ಹಿಡಿದು ನಾನೇ ಮತ ಹಾಕಿಸಿದ್ದೆ. ಈ ಯಂತ್ರ ಮಾತಾಡುತ್ತದೆ ಎಂದು ಊಟಕ್ಕೆ ಕೂತಾಗ ಜಂಬ ಕೊಚ್ಚಿಕೊಂಡವನೂ ನಾನೇ.

“ಹಂಗಾರ ಈ ಸರ್ತಿ ನೀ ಬ್ಯಾಡ ಬಿಡಪಾ. ನಾ ಒಬ್ಬಾಕಿನ ಹೋಗ್ತೇನಿ,” ಎಂದು ನಕ್ಕಿದ್ದಳು.

ಮತದಾನದ ದಿನ ಟ್ಯಾಬ್ಲೆಟ್ ಪಕ್ಕದಲ್ಲಿ ನಾನು ನಿಂತಿದ್ದೆ. ಅಕ್ಕ ಗಾಜಿನ ಮೇಲೆ ಬೆರಳಾಡಿಸಿದಳು. ಅಂಚಿಲ್ಲ, ಉಬ್ಬಿಲ್ಲ. ಮೂರು ಸಲ ಸಮಯ ಮುಗಿಯಿತು. “ಯವ್ವಾ, ಅದರಾಗ ನೂಲ ಹುಡುಕಾಕತ್ತಿಯೇನ?” ಎಂದ ಹಿಂದಿನವನೊಬ್ಬ. ಸಾಲು ನಕ್ಕಿತು. ಮೇಡಂ ಬಂದು, ಇವರ ಕಡೆಯವರು ಯಾರಾದರೂ ಇದ್ದರೆ ಒತ್ತಿಕೊಡಬಹುದು ಎಂದರು. ನಾನು ಕೆಮ್ಮಿ ಸುಮ್ಮನಾದೆ. ಆ ಕೆಮ್ಮು ಯಾರದೆಂದು ಅಕ್ಕನಿಗೆ ಗೊತ್ತು. ನನ್ನತ್ತಲೇ ಮುಖ ತಿರುಗಿಸಿದಳು.

“ನನ್ನವರು ಯಾರೂ ಇಲ್ರಿ,” ಎಂದು, ಕೋಲು ತಡವಿಕೊಂಡು ಹೊರಟುಹೋದಳು. ಮತ ಹಾಕಲಿಲ್ಲ.

ಮರುದಿನ ಮೇಡಂ ಮುಂದೆ ಎಲ್ಲ ಹೇಳಿದೆ. ಗಾಜಿನ ಪಕ್ಕಕ್ಕೆ ಎರಡು ಉಬ್ಬು ಗುಂಡಿಗಳು ಬಂದವು, ಸಮಯದ ಮಿತಿ ಹೋಯಿತು. ಬೇಕೆಂದಾಗ ಕಣ್ಣು ತೆರೆಯಬಲ್ಲವನು ಮಾಡಿದ್ದು ಪರೀಕ್ಷೆಯೇ ಅಲ್ಲ ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಆದರೆ ಸಂಘದ ಮುಂದಿನ ಚುನಾವಣೆ ಐದು ವರ್ಷಕ್ಕೆ. ಮನೆಯಲ್ಲಿ ಇರುವವರು ನಾವಿಬ್ಬರೇ. ಅಕ್ಕ ಊಟದ ತಾಟು ಹಚ್ಚಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ತಿಂಗಳುಗಟ್ಟಲೆ ರಾಟೆಯ ಸದ್ದೊಂದೇ.

ಒಂದು ಮಧ್ಯಾಹ್ನ ಹೊಸ ಯಂತ್ರವನ್ನು ಮನೆಗೆ ತಂದು ಅವಳ ತೊಡೆಯ ಮೇಲಿಟ್ಟೆ. ಬೆರಳು ಗುಂಡಿಯ ಮೇಲೆ ನಿಂತಿತು. ಒತ್ತಲಿಲ್ಲ, ನಾನೇನು ಹೇಳುತ್ತೇನೋ ಎಂದು ಕಾದಳು.

“ಅಕ್ಕಾ, ಅವತ್ತ ನಾ ಅಲ್ಲೇ ನಿಂತಿದ್ನಿ. ನಿನ್ನ ತಮ್ಮ ಅಂತ ಹೇಳಾಕ ನಾಚಿದ್ನಿ. ನಂದ ತಪ್ಪಾತ ಬೇ.”